ಪದಚರ್ಚೆ: ಬೇಸ್‌ಬಾಲ್ ಆಟಗಾರನ ಚಿತ್ರ ಹೇಳಿ ಬರೆಸಿದ ಕಾರ್ಡು, ಇದಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ಇಲ್ಲಿ ಸಿಯಾಟಲ್ ಕಡೆ ಇರೋ ನಮ್ಮ ಕನ್ನಡ ಗೆಳೆಯರ ದೀಪಾವಳಿ ಸಂಚಿಕೆಗೆ ನನ್ನ ಕಾರ್ಡ್ ಸಂಗ್ರಹದ ಬಗ್ಗೆ ಒಂದು ಬರಹ ಬರೀತಿದೀನಿ, ಬರೀತಾ ಮೂರು ಪದಗಳ ಹತ್ರ ಬಂದು ನಿಂತುಬಿಟ್ಟಿದೀನಿ. ಕಮಿಷನ್, ಸ್ಕೆಚ್, ಕಾರ್ಡ್. ಮೂರೂ ನಾವು ದಿನಾ ಬಳಸೋ ಪದಗಳೇ, ಆದ್ರೆ ಕನ್ನಡದಲ್ಲಿ ಮೂರಕ್ಕೂ ಬೇರೆ ಬೇರೆ ಅರ್ಥ ಆಗ್ಲೇ ಅಂಟ್ಕೊಂಡಿದೆ, ಹಾಗಾಗಿ 'ಕಮಿಷನ್ ಕೊಟ್ಟು ಮಾಡಿಸಿದ ಸ್ಕೆಚ್ ಕಾರ್ಡ್' ಅಂತ ಬರೆದುಬಿಟ್ರೆ ಓದೋರಿಗೆ ಇನ್ನೇನೋ ತಿಳಿಯತ್ತೆ. ಬಲ್ಲವರು ದಯವಿಟ್ಟು ದಾರಿ ತೋರಿಸ್ಬೇಕು.

ವಸ್ತು ಏನು ಅಂತ ಮೊದ್ಲು ಹೇಳ್ತೀನಿ, ಇಲ್ಲಾಂದ್ರೆ ಪದ ಹುಡುಕೋದು ಕಷ್ಟ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳು ಸಿಗರೇಟು ಪ್ಯಾಕಿನ ಕಾಲದಿಂದ ಇವೆ, 1909ರಿಂದ 1911ರ ಮಧ್ಯೆ ಬಂದ ಟಿ206 ಅನ್ನೋ ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡು ಇವತ್ತು ಕೋಟಿಗಟ್ಟಲೆ ರೂಪಾಯಿಗೆ ಹೋಗತ್ತೆ. ಆಮೇಲೆ ಬಬಲ್ ಗಮ್ ಜೊತೆ ಕಾರ್ಡು ಕೊಡೋ ಕಾಲ ಬಂತು. ಟಾಪ್ಸ್ ಕಂಪನಿಯವರು 1957ರಲ್ಲಿ ಎರಡೂವರೆ ಇಂಚು ಅಗಲ ಮೂರೂವರೆ ಇಂಚು ಉದ್ದ ಅನ್ನೋ ಅಳತೆಗೆ ಬಂದ್ರು, ಈಗ್ಲೂ ಅದೇ ಅಳತೆ ನಡೀತಿದೆ. ಕಲಾವಿದರ ಕೈ ಈ ಕಾರ್ಡುಗಳಿಗೆ ಹೊಸದೇನಲ್ಲ, ಟಾಪ್ಸ್‌ನವರ 1953ರ ಸರಣಿಗೆ ಆಟಗಾರರ ಮುಖಗಳನ್ನ ಬಣ್ಣದಲ್ಲಿ ಬರೆಸಿದ್ರು, 1982ರಿಂದ ಡಿಕ್ ಪೆರೆಜ್ ಅನ್ನೋ ಕಲಾವಿದರು ಡಾನ್‌ರಸ್ ಕಂಪನಿಗೆ 'ಡೈಮಂಡ್ ಕಿಂಗ್ಸ್' ಅಂತ ತಂಡಕ್ಕೊಬ್ಬ ಆಟಗಾರನ ಚಿತ್ರ ಮಾಡಿಕೊಡ್ತಿದ್ರು. ಆದ್ರೆ ಅವೆಲ್ಲ ಕೊನೆಗೆ ಅಚ್ಚಾಗಿ ಲಕ್ಷಾಂತರ ಜನರ ಕೈಗೆ ಹೋದವು. ನಾನು ಹೇಳ್ತಿರೋದು ಆ ಅಳತೆಯ ದಪ್ಪ ಹಾಳೆ ಮೇಲೇ ಪೆನ್ಸಿಲ್ಲು, ಇಂಕು, ಮಾರ್ಕರ್ರು, ಜಲವರ್ಣ ಯಾವುದರಲ್ಲೋ ಕಲಾವಿದರು ಕೈಯಾರೆ ಬರೆದಿರೋ ಕಾರ್ಡು, ಅಂಥದ್ದು ಲೋಕದಲ್ಲಿ ಒಂದೇ ಒಂದು ಇರತ್ತೆ. 1990ರ ದಶಕದಲ್ಲಿ ಕಾಮಿಕ್ಸ್ ಕಾರ್ಡು ಮಾಡೋ ಕಂಪನಿಗಳು ಪ್ಯಾಕೆಟ್ಟುಗಳ ಮಧ್ಯೆ ಅಪರೂಪಕ್ಕೆ ಇಂಥ ಕೈಯಲ್ಲಿ ಬರೆದ ಚಿತ್ರ ಸೇರಿಸೋಕೆ ಶುರು ಮಾಡಿದ್ರು, ಆಗ್ಲೇ ಸ್ಕೆಚ್ ಕಾರ್ಡ್ ಅನ್ನೋ ಹೆಸರು ಹರಡಿದ್ದು. ಅದೇ ಹೊತ್ತಿಗೆ, 1997ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸ್ಟಿರ್ನೆಮಾನ್ ಅನ್ನೋ ಕಲಾವಿದರು ಇದೇ ಅಳತೆಯಲ್ಲಿ ಚಿತ್ರ ಮಾಡಿ ಒಬ್ರಿಗೊಬ್ರು ಬದಲಾಯಿಸಿಕೊಳ್ಳೋ ಪದ್ಧತಿ ತಂದ್ರು, ಅಲ್ಲಿ ಮಾರೋ ಹಾಗಿಲ್ಲ, ಬರೀ ಕೊಟ್ಟು ತಗೊಳ್ಳೋದು. ನಮ್ಮಂಥ ಸಂಗ್ರಹದವರು ಇವೆರಡರ ಪಕ್ಕದಲ್ಲಿದ್ದೀವಿ, ಇಷ್ಟದ ಕಲಾವಿದರನ್ನ ನೇರವಾಗಿ ಕೇಳಿ, ಇಂಥ ಆಟಗಾರ, ಇಂಥ ಭಂಗಿ, ಇಂಥ ಗಳಿಗೆ ಅಂತ ಹೇಳಿ, ಸ್ವಲ್ಪ ಮುಂಗಡ ಕೊಟ್ಟು ಬರೆಸ್ತೀವಿ.

ನನ್ನ ಆಟಗಾರ ಇಚಿರೋ ಸುಜುಕಿ. ಜಪಾನಿನ ಓರಿಕ್ಸ್ ತಂಡದಿಂದ 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್‌ಗೆ ಬಂದು ಆ ವರ್ಷವೇ ತನ್ನ ಲೀಗಿನ ಅತ್ಯುತ್ತಮ ಹೊಸಬ, ಅತ್ಯಮೂಲ್ಯ ಆಟಗಾರ ಎರಡೂ ಪ್ರಶಸ್ತಿ ತಗೊಂಡ, ಹೋಮ್ ರನ್ನಿನ (ನಮ್ಮ ಸಿಕ್ಸರ್ ಇದ್ದ ಹಾಗೆ) ಹುಚ್ಚು ಹಿಡಿದಿದ್ದ ಕಾಲದಲ್ಲಿ ಚೆಂಡನ್ನ ಫೀಲ್ಡರುಗಳ ನಡುವಿನ ಜಾಗಕ್ಕೆ ತಳ್ಳಿ ಓಡಿ ಓಡಿ 3089 ಹಿಟ್ ಮಾಡಿದ (ಹಿಟ್ ಅಂದ್ರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟೋದು). 2025ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿ ಹಾಲ್ ಆಫ್ ಫೇಮ್‌ಗೆ ಆರಿಸಿದಾಗ 394 ಮತದಲ್ಲಿ 393 ಅವನಿಗೇ ಬಿತ್ತು, ಏಷ್ಯಾದಲ್ಲಿ ಹುಟ್ಟಿದ ಆಟಗಾರರಲ್ಲಿ ಅಲ್ಲಿಗೆ ಹೋದ ಮೊದಲಿಗ ಅವನೇ. (ಅಭಿಮಾನಕ್ಕೆ ಏಕವಚನ ಬಂದುಬಿಡತ್ತೆ, ಕ್ರಿಕೆಟಿಗರನ್ನ ನಾವು 'ದ್ರಾವಿಡ್ ಆಡ್ತಾನೆ' ಅನ್ನಲ್ವಾ ಹಾಗೆ, ಗೌರವ ಕಮ್ಮಿ ಅಂತಲ್ಲ.)

ಚಿತ್ರ ಬರೆಯೋರಿಗೆ ಅವನಷ್ಟು ಒದಗಿ ಬರೋ ಆಟಗಾರ ಇನ್ನೊಬ್ಬ ಇಲ್ಲ ಅನ್ಸತ್ತೆ ನಂಗೆ. ಬ್ಯಾಟಿಂಗಿಗೆ ಬಂದಾಗೆಲ್ಲ ಒಂದೇ ಕ್ರಮ, ಬಲಗೈ ಪೂರ್ತಿ ಚಾಚಿ ಬ್ಯಾಟನ್ನ ಚೆಂಡು ಎಸೆಯೋ ಪಿಚರ್ ಕಡೆಗೆ ನೆಟ್ಟಗೆ ನಿಲ್ಲಿಸಿ, ಎಡಗೈಯಿಂದ ಬಲ ಭುಜದ ಹತ್ರ ಅಂಗಿ ತೋಳನ್ನ ಸ್ವಲ್ಪ ಮೇಲಕ್ಕೆ ಎಳ್ಕೊಳ್ಳೋದು. ಆ ಒಂದು ಭಂಗಿನೇ ಬೇರೆ ಬೇರೆಯವರ ಹತ್ರ ಬರೆಸಿದೀನಿ, ಒಬ್ಬೊಬ್ಬರದೂ ಒಂದೊಂದು ಥರ. ಬ್ಯಾಟು ಉದ್ದಕ್ಕೆ ನಿಲ್ಲೋದ್ರಿಂದ ಉದ್ದ ಕಾರ್ಡಿಗೆ ಸರಿಯಾಗಿ ಕೂರತ್ತೆ, ಆದ್ರೆ ಬ್ಯಾಟು ಪೂರ್ತಿ ಬರ್ಬೇಕು ಅಂದ್ರೆ ಮುಖ ಉಗುರಿನಷ್ಟು ಚಿಕ್ಕದಾಗತ್ತೆ, ಮುಖ ದೊಡ್ಡದು ಮಾಡಿದ್ರೆ ಬ್ಯಾಟಿನ ತುದಿ ಅಂಚಿಂದಾಚೆ ಹೋಗತ್ತೆ. ಒಬ್ಬ ಕಲಾವಿದೆ ಬ್ಯಾಟಿನ ತುದಿನ ಕಾರ್ಡಿನ ಅಂಚಿಗೆ ಕೂದಲೆಳೆಯಷ್ಟು ಮಾತ್ರ ಜಾಗ ಬಿಟ್ಟು ನಿಲ್ಲಿಸಿ, ಮುಖದಲ್ಲಿ ಕಣ್ಣು ಒಂದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೆಲ್ಮೆಟ್ಟಿನ ನೆರಳಲ್ಲಿ ಮುಚ್ಚಿಬಿಟ್ಟಿದಾರೆ, ತೋಳು ಎಳೆಯೋ ಬೆರಳುಗಳ ಹತ್ರ ಬಟ್ಟೆ ಸುಕ್ಕಾಗಿರೋದು ಮೂರೇ ಗೆರೆ. ಆ ಮೂರು ಗೆರೆ ನೋಡಿದ್ರೆ ಸಾಕು, ಅವನೇ ಅಂತ ಗೊತ್ತಾಗತ್ತೆ.

ಇನ್ನೊಂದು ಕಾರ್ಡು 2004ರ ಅಕ್ಟೋಬರ್ 1ರದ್ದು. ಜಾರ್ಜ್ ಸಿಸ್ಲರ್ 1920ರಲ್ಲಿ ಒಂದೇ ಸೀಸನ್ನಲ್ಲಿ ಮಾಡಿದ್ದ 257 ಹಿಟ್‌ನ ದಾಖಲೆಯನ್ನ ಇಚಿರೋ ಅವತ್ತು ಮುರಿದ, ಸೀಸನ್ ಮುಗಿಯೋ ಹೊತ್ತಿಗೆ ಅದು 262 ಆಯ್ತು. ಕಲಾವಿದರಿಗೆ ನಾನು ಹೇಳಿದ್ದು ಆ ಹಿಟ್ ಬೇಡ, ಆಮೇಲೆ ಅವನು ಪ್ರೇಕ್ಷಕರ ಸಾಲಿನ ಹತ್ರ ಹೋಗಿ ಸಿಸ್ಲರ್ ಅವರ ಮಗಳ ಕೈ ಕುಲುಕಿದ್ನಲ್ಲ ಅದು ಬೇಕು ಅಂತ. ಇಂಥದ್ದು ಯಾವ ಪ್ಯಾಕೆಟ್ಟಲ್ಲೂ ಸಿಗಲ್ಲ, ಕೇಳೇ ಬರೆಸ್ಬೇಕು. ನನ್ನ ಪದದ ಸಮಸ್ಯೆ ಇರೋದೂ ಇಲ್ಲೇ, ಈ 'ಕೇಳಿ ಬರೆಸೋದು' ಅನ್ನೋದನ್ನ ಹೇಗೆ ಹೇಳೋದು?

ಕಮಿಷನ್ ಅಂದ್ರೆ ನಮ್ಮಲ್ಲಿ ದಲ್ಲಾಳಿ ತಗೊಳ್ಳೋ ಪಾಲು, ಇಲ್ಲಾ ಟೆಂಡರಿನಲ್ಲಿ ಹೊಡೆಯೋ ಪರ್ಸೆಂಟೇಜು. ಹಾಸನದಲ್ಲಿರೋ ನಮ್ಮ ಅಪ್ಪಂಗೆ ಫೋನಲ್ಲಿ 'ಒಂದು ಕಾರ್ಡ್ ಕಮಿಷನ್ ಮಾಡಿದೀನಿ ಅಪ್ಪ' ಅಂದಾಗ ಅವರು ಕೇಳಿದ್ದು 'ಮಧ್ಯ ಯಾರಪ್ಪ ಇದ್ದಿದ್ದು, ಎಷ್ಟು ತಗೊಂಡ' ಅಂತ. ನ್ಯಾಯವಾದ ಪ್ರಶ್ನೆ, ಕನ್ನಡದಲ್ಲಿ ಆ ಪದಕ್ಕೆ ಇರೋ ಅರ್ಥನೇ ಅದು. ಆಯೋಗ ಅಂದ್ರೆ ವಿಚಾರಣೆಯದ್ದು. ನಿಘಂಟಿನ ದಾರಿಲಿ ಹೋಗಿ 'ನಿಯೋಜಿತ ಚಿತ್ರ' ಅನ್ನೋಣ ಅಂದ್ರೆ ಪೇಪರಲ್ಲಿ ನಿಯೋಜಿತ ಮುಖ್ಯಮಂತ್ರಿ ಅಂತ ಬರತ್ತಲ್ಲ, ಇನ್ನೂ ಅಧಿಕಾರ ಹಿಡೀದವರು, ಅದರ ಜೊತೆ ಕಲಸಿಹೋಗತ್ತೆ. 'ಆದೇಶ ಚಿತ್ರ' ಅಂತೂ ಸರ್ಕಾರಿ ಸುತ್ತೋಲೆ ಇದ್ದ ಹಾಗಿದೆ, ಕಲಾವಿದರ ಜೊತೆ ನಡೆಯೋ ಮಾತುಕತೆಯ ಆತ್ಮೀಯತೆ ಅದ್ರಲ್ಲಿಲ್ಲ. 'ಆರ್ಡರ್ ಕೊಟ್ಟು ಮಾಡಿಸಿದ್ದು' ಎಲ್ಲರಿಗೂ ಅರ್ಥ ಆಗತ್ತೆ, ಬೀರು ಮಂಚಕ್ಕೂ ಅದೇ ಮಾತು.

ನನ್ನ ಒಲವು 'ಬರೆಸು' ಕಡೆಗೆ, ಅದನ್ನೇ ಸ್ವಲ್ಪ ಹಿಗ್ಗಿಸಿ 'ಹೇಳಿ ಬರೆಸಿದ' ಅಂತ. 'ಹೇಳಿ ಮಾಡಿಸಿದ ಹಾಗಿದೆ' ಅಂತ ನಾವು ಆಗ್ಲೇ ಆಡ್ತೀವಿ, ಆ ದಾರಿಲೇ ಇದೂ ಬರತ್ತೆ. 'ಹೇಳಿ' ಅನ್ನೋದ್ರಲ್ಲಿ ಕೇಳಿದವನು ಇದಾನೆ, 'ಬರೆಸು' ಅಂದ ತಕ್ಷಣ ಬರೆದವರು ಇನ್ನೊಬ್ರು ಅನ್ನೋದೂ ಬಂತು, ಇಬ್ರೂ ಒಂದೇ ಕ್ರಿಯಾಪದದಲ್ಲಿ. ಹಳೇ ಬಳಕೆನೂ ಇದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಹತ್ರ 'ಶ್ರೀ ಚಾಮುಂಡರಾಜಂ ಮಾಡಿಸಿದಂ' ಅಂತ ಕೆತ್ತಿದಾರೆ, ಒಂದೇ ಒಂದು 'ಇಸು' ಎಲ್ಲವನ್ನೂ ಹೇಳ್ತಿದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದನ್ನ ನಾವು ಶಾಲೇಲಿ 'ಬರೆಸಿ ದಾನ ಮಾಡಿದಳು' ಅಂತ್ಲೇ ಓದಿದ್ದು. ಬೇಲೂರಲ್ಲಂತೂ ಮಾಡಿಸಿದವರ ಜೊತೆ ಮಾಡಿದವರ ಹೆಸರೂ ಉಳಿದಿದೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಶಿಲ್ಪಗಳ ಕೆಳಗೆ ಕಾಣತ್ತೆ. ನಮ್ಮ ಕಾರ್ಡುಗಳ ಬೆನ್ನಲ್ಲೂ ಎರಡು ಹೆಸರು ಇರತ್ತೆ, ಕಲಾವಿದರ ಸಹಿ ಮತ್ತೆ ಯಾರಿಗೋಸ್ಕರ ಅನ್ನೋದು. ನನ್ನವಕ್ಕೆ 'ಬರೆದದ್ದು ಇಂಥವರು, ಬರೆಸಿದ್ದು ಇಂಥವರು' ಅಂತ ಕನ್ನಡದಲ್ಲಿ ಚೀಟಿ ಮಾಡಿ ಪ್ಲಾಸ್ಟಿಕ್ ಕವರಿನ ಹಿಂದೆ ಇಡೋ ಆಸೆ ಇದೆ.

ಆದ್ರೆ ಎರಡು ತೊಡಕು ಕಾಣ್ತಿದೆ. ಒಂದು, 'ಬರೆಸ್ಕೊಂಡೆ' ಅಂದ್ರೆ ಆಸ್ತಿ ಬರೆಸ್ಕೊಂಡ ಹಾಗೆ ಕೇಳತ್ತೆ, ಅದಕ್ಕೇ 'ಬರೆಸಿದೆ' ಅಂತಷ್ಟೇ ಬಳಸ್ತಿದೀನಿ. ಇನ್ನೊಂದು, ನಮ್ಮ ಮನೇಲಿ ಮಕ್ಕಳು ಈಗ 'ಚಿತ್ರ ಬರೆ' ಅನ್ನೋದೇ ಇಲ್ಲ, 'ಚಿತ್ರ ಬಿಡಿಸು' ಅಂತಾರೆ, ಆ ಬಿಡಿಸು ಅನ್ನೋದ್ರಲ್ಲಿ ರೂಪಕ್ಕೆ ಆಗ್ಲೇ 'ಇಸು' ಕೂತಿದೆ, ಅದಕ್ಕೆ ಇನ್ನೊಂದು 'ಇಸು' ಹಚ್ಚೋಕಾಗಲ್ಲ, 'ಬಿಡಿಸಿಸಿದೆ' ಅಂತ ಯಾರೂ ಆಡಲ್ಲ. ಹಾಗಾದ್ರೆ ಬಿಡಿಸು ಅನ್ನೋರು ಇನ್ನೊಬ್ರ ಕೈಲಿ ಚಿತ್ರ ಮಾಡಿಸಿದಾಗ ಏನಂತಾರೆ? ಧಾರವಾಡದ ಕಡೆಯವರು 'ಚಿತ್ರ ತಗಿ' ಅಂತಾರೆ, ಅವರು 'ತಗಸೀನಿ' ಅಂದ್ರೆ ಫೋಟೋ ತೆಗೆಸಿದ್ದು ಅಂತ ಆಗಲ್ವಾ? ಆ ಕಡೆಯವರು ಯಾರಾದ್ರೂ ಹೇಳ್ಬೇಕು.

ಇನ್ನು ಸ್ಕೆಚ್. ಕನ್ನಡ ಪೇಪರ್ ಓದೋರಿಗೆ 'ಸ್ಕೆಚ್ ಹಾಕಿದ್ರು' ಅಂದ್ರೆ ಕೊಲೆಗೆ ಸಂಚು, ದುಡ್ಡು ಕೊಟ್ಟು ಸ್ಕೆಚ್ ಹಾಕಿಸಿದೆ ಅಂದ್ರೆ ಕೇಳೋದೇ ಬೇಡ, ಅದು ಸುಪಾರಿ ಆಗತ್ತೆ. ನನ್ನ ಇಷ್ಟದ ಆಟಗಾರನ ಹೆಸರಿನ ಜೊತೆ ಆ ಪದ ಕೂರೋದು ನಂಗೆ ಬೇಡ. ರೇಖಾಚಿತ್ರ ಒಳ್ಳೇ ಪದ, ಆದ್ರೆ ಇವುಗಳಲ್ಲಿ ಎಷ್ಟೋ ಕಾರ್ಡು ಪೂರ್ತಿ ಬಣ್ಣದವು, ನೀಲಿ ಮೇಲೆ ನೀಲಿ ಹಚ್ಚಿ ಸಿಯಾಟಲ್‌ನ ಸಂಜೆ ಆಕಾಶ ತಂದಿರೋದೂ ಇದೆ, ಅದನ್ನ ರೇಖೆ ಅಂದ್ರೆ ಕಲಾವಿದರ ಕೆಲಸ ಅರ್ಧಕ್ಕೆ ಇಳಿಸಿದ ಹಾಗೆ. ಇಂಗ್ಲಿಷಿನಲ್ಲೂ ಸಂಗ್ರಹದವರು ಸ್ಕೆಚ್ ಅಂತ ಬಳಸೋದು ಅಚ್ಚಾಗಿಲ್ಲ, ಕೈಯಲ್ಲಿ ಮಾಡಿದ್ದು ಅನ್ನೋ ಅರ್ಥದಲ್ಲೇ, ಗೆರೆ ಮಾತ್ರ ಅಂತಲ್ಲ. ಹಾಗಾಗಿ 'ಕೈಚಿತ್ರ' ಅಂದ್ರೆ ಹೇಗೆ? ಕೈಮಗ್ಗ, ಕೈಬರಹ, ಕೈತುತ್ತು ಇದಾವಲ್ಲ, ಆ ಸಾಲಿಗೆ ಸೇರತ್ತೆ. ಕೈಯ ಚಿತ್ರ ಅಂತ ಯಾರಾದ್ರೂ ತಿಳ್ಕೊಂಡಾರಾ ಅನ್ನೋದೊಂದು ಅನುಮಾನ.

ಕೊನೇದು ಕಾರ್ಡ್. ಇದನ್ನ ಹಾಗೇ ಉಳಿಸ್ಬಹುದು, ರೇಷನ್ ಕಾರ್ಡಿನಿಂದ ಹಿಡಿದು ಎಲ್ಲಾ ಕಡೆ ಇದೆ. ಆದ್ರೆ ಇಸ್ಪೀಟಿಗೆ ನಾವು 'ಎಲೆ' ಅಂತೀವಲ್ಲ, ಮೈಸೂರಿನ ಗಂಜೀಫಾಗೂ ಎಲೆ ಅಂತಾರೆ, ಅದೂ ಒಂದೊಂದೂ ಕೈಯಲ್ಲೇ ಬಣ್ಣ ಹಚ್ಚಿ ಮಾಡೋದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಗೆ ಅಂತ್ಲೇ ಬರೆಸ್ತಿದ್ರು, ಈಚೆಗೆ ಗಂಜೀಫಾ ರಘುಪತಿ ಭಟ್ಟರಂಥವರು ಆ ಕಲೆಗೆ ಮತ್ತೆ ಜೀವ ಕೊಟ್ರು. ಅಂಗೈಯಗಲದ ಹಾಳೆ, ಕೈಯಲ್ಲಿ ಬರೆದ ಚಿತ್ರ, ಇನ್ನೊಬ್ರು ಹೇಳಿ ಬರೆಸಿದ್ದು, ಮೂರೂ ಗುಣ ಅಲ್ಲಿ ಆಗ್ಲೇ ಇದೆ. ಅದಕ್ಕೇ 'ಚಿತ್ರದೆಲೆ' ಅನ್ನೋ ಪದ ತಲೇಲಿ ಓಡ್ತಿದೆ. ಆಟದ ಎಲೆ ಜೂಜಿನ ನೆನಪು ತರತ್ತೆ ಅಂತ ಇಲ್ಲಿನ ಗೆಳೆಯರೊಬ್ರು ಆಕ್ಷೇಪ ಎತ್ತಿದ್ರು, ನಂಗೆ ಹಾಗನ್ಸಲ್ಲ, ಬಾಳೆಲೆ ವೀಳ್ಯದೆಲೆ ಇರೋ ಭಾಷೇಲಿ ಎಲೆಗೆ ಅಷ್ಟೊಂದು ಕೆಟ್ಟ ಹೆಸರಿಲ್ಲ. 'ಪಟ' ಅನ್ನೋದೂ ಇದೆ, ಆದ್ರೆ ಪಟ ಅಂದ್ರೆ ಗೋಡೆಗೆ ಮೊಳೆ ಹೊಡೆದು ನೇತುಹಾಕೋ ದೇವರ ಪಟ ಕಣ್ಮುಂದೆ ಬರತ್ತೆ, ಇವನ್ನ ಗೋಡೆಗೆ ಹಾಕೋದೂ ತಪ್ಪು, ಮಾರ್ಕರ್ ಬಣ್ಣ ಬೆಳಕಿಗೆ ಮಾಸಿಹೋಗತ್ತೆ, ಕವರಿಗೆ ಹಾಕಿ ಡಬ್ಬಿ ಒಳಗೆ ಕತ್ತಲಲ್ಲೇ ಇಡ್ಬೇಕು.

ಒಟ್ನಲ್ಲಿ 'ಹೇಳಿ ಬರೆಸಿದ ಕೈಚಿತ್ರದ ಎಲೆ' ಅಂತ ಬರಹದಲ್ಲಿ ಒಂದು ಸಲ ಪೂರ್ತಿ ಬರೆದು, ಆಮೇಲೆಲ್ಲ 'ಬರೆಸಿದ ಎಲೆ' ಅಂತ ಚಿಕ್ಕದು ಮಾಡೋಣ ಅಂತಿದೀನಿ. ಓದಿದ ತಕ್ಷಣ ಇದು ನಿಮ್ಮ ಕಿವಿಗೆ ಹೇಗೆ ಬಿತ್ತು ಅಂತ ಹೇಳಿ, ವ್ಯಾಕರಣ ಆಮೇಲೆ ನೋಡೋಣ. ಇನ್ನೊಂದು ಮಾತು, ಎಂಬತ್ತು ತೊಂಬತ್ತರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರ್ತಿತ್ತಲ್ಲ, ನಾವು ಹಾಸನದಲ್ಲಿ ಅದನ್ನ ಬರೀ 'ಫೋಟೋ' ಅಂತಿದ್ವಿ, 'ನಿನ್ನ ಹತ್ರ ಯಾವ ಫೋಟೋ ಇದೆ' ಅಂತ ಕೇಳಿ ಬದಲಾಯಿಸ್ಕೊಳ್ತಿದ್ವಿ. ನಿಮ್ಮ ನಿಮ್ಮ ಊರಲ್ಲಿ ಅದಕ್ಕೆ ಬೇರೆ ಹೆಸರೇನಾದ್ರೂ ಇತ್ತಾ? ಮಂಗಳೂರು, ಶಿವಮೊಗ್ಗ, ಬಳ್ಳಾರಿ, ಕಲಬುರ್ಗಿ ಕಡೆಯವರು ಮುಖ್ಯವಾಗಿ ಹೇಳ್ಬೇಕು, ಮಕ್ಕಳ ಬಾಯಲ್ಲಿ ಹುಟ್ಟಿದ ಪದ ಒಂದಿದ್ರೆ ನಾನು ಕಟ್ಟಿದ್ದಕ್ಕಿಂತ ಅದನ್ನೇ ಬಳಸ್ತೀನಿ.