ಅಂಕಿ ಎಣಿಸುವ ಟೂಲ್‌ಗೆ ಏಜೆಂಟ್ ಓದುವಂಥ ವಿವರಣೆ ಬರೆಯೋದು ಹೇಗೆ?

ಕೆಂಪುಇಂಕು

ನಮಸ್ಕಾರ. ಪೈಥಾನ್‌ನಲ್ಲಿ ಒಂದು ಸಣ್ಣ ಎಂಸಿಪಿ ಸರ್ವರ್ (ಎಐಗೆ ಟೂಲ್ ಒದಗಿಸುವ ಪ್ರೋಗ್ರಾಂ) ಮಾಡಿದ್ದೇನೆ. ಅದರ ಕೆಲಸ ಒಂದೇ, ಅಂಕಿ ಎಣಿಸೋದು. ಇಷ್ಟಕ್ಕೂ ಟೂಲ್ ಬೇಕಾ ಅಂತ ನಗಬೇಡಿ. ಎಐ ಮಾಡೆಲ್‌ಗಳಿಗೆ ಉದ್ದದ ಸಂಖ್ಯೆ ಸಿಗುವುದೇ ತುಂಡು ತುಂಡಾಗಿ, ಟೋಕನ್‌ಗಳಾಗಿ. 2ರ ಘಾತ 100ರಲ್ಲಿ ಎಷ್ಟು ಅಂಕಿ ಅಂತ ಕೇಳಿದರೆ ಒಮ್ಮೆ 30 ಅನ್ನುತ್ತವೆ, ಇನ್ನೊಮ್ಮೆ 31. (31 ಸರಿ.)

ಕೋಡ್ ಚೆನ್ನಾಗಿದೆ, ಟೆಸ್ಟ್ ಎಲ್ಲಾ ಪಾಸ್. ಪೇಚಾಟ ಇರೋದು ವಿವರಣೆಯದ್ದು. ಡಿಸ್ಕ್ರಿಪ್ಶನ್ ಜಾಗದಲ್ಲಿ ಈಗ "ಅಂಕಿಗಳನ್ನು ಎಣಿಸುತ್ತದೆ" ಅಂತಷ್ಟೇ ಇದೆ. ಮೊನ್ನೆ ಏಜೆಂಟ್‌ಗೆ (ತಾನೇ ಟೂಲ್ ಕರೆದು ಕೆಲಸ ಮಾಡುವ ಎಐಗೆ), "1ರಿಂದ 100ರವರೆಗೆ ಬರೆದರೆ 1 ಅನ್ನೋ ಅಂಕಿ ಎಷ್ಟು ಸಲ ಬರುತ್ತದೆ?" ಅಂತ ಕೇಳಿದೆ. ಅದು ಸೀದಾ ಹೋಗಿ ಟೂಲ್‌ಗೆ 100 ಕೊಟ್ಟಿತು, 3 ಅಂತ ಬಂತು, "ಉತ್ತರ 3" ಅಂತ ಒಪ್ಪಿಸಿತು. ಬರಬೇಕಾದದ್ದು 21! ಇಲ್ಲಿ ಟೂಲ್ ಹೇಳಿದ್ದರಲ್ಲಿ ತಪ್ಪಿಲ್ಲ. 100ರಲ್ಲಿ ಇರೋದು ಮೂರೇ ಅಂಕಿ.

ರೀಡ್‌ಮೀಯಲ್ಲಿ ಲಾಗರಿದಮ್ ಸೂತ್ರ (ಲಾಗ್10 ತೆಗೆದು, ದಶಮಾಂಶ ಬಿಟ್ಟು, 1 ಕೂಡಿಸಿದರೆ ಎಷ್ಟು ಅಂಕಿ ಅಂತ ಸಿಗುತ್ತದೆ), ಅದು ಹೇಗೆ ಬಂತು, ಎಲ್ಲಾ ಬಿಡಿಸಿ ಬರೆದಿದ್ದೇನೆ. ಅದನ್ನೇ ಡಿಸ್ಕ್ರಿಪ್ಶನ್‌ಗೆ ತುಂಬಿಬಿಡಲಾ?

ರಾತ್ರಿಪಾಳಿ

ದಯವಿಟ್ಟು ಬೇಡ. ಎಪಿಐ ವಿವರಣೆ ಬರೆಯೋದೇ ನನ್ನ ಹೊಟ್ಟೆಪಾಡು, ಅದಕ್ಕೇ ಸ್ವಲ್ಪ ಜೋರಾಗಿ ಹೇಳುತ್ತೇನೆ.

ಟೂಲ್ ಆರಿಸುವಾಗ ಏಜೆಂಟ್ ಮುಂದೆ ಇರೋದು ಟೂಲ್‌ನ ಹೆಸರು, ಡಿಸ್ಕ್ರಿಪ್ಶನ್, ಇನ್‌ಪುಟ್ ಸ್ಕೀಮಾ (ಯಾವ ಇನ್‌ಪುಟ್, ಯಾವ ರೂಪದಲ್ಲಿ ಅಂತ ಹೇಳೋ ಪಟ್ಟಿ). ನಿಮ್ಮ ರೀಡ್‌ಮೀ ಅದರ ಕಣ್ಣಿಗೇ ಬೀಳೋದಿಲ್ಲ. ಸೂತ್ರ ಕೊಟ್ಟರೆ ಇನ್ನೊಂದು ಕಾಟ ಇದೆ. ಅದು ಟೂಲ್ ಬಿಟ್ಟು ತಾನೇ ಲಾಗ್ ಹಾಕಿ ಲೆಕ್ಕ ಮಾಡಲು ಹೋಗಬಹುದು. ಪೈಥಾನ್‌ನಲ್ಲಿ ಹದಿನೈದು 9 ಸಾಲಾಗಿ ಬರೆದು ಲಾಗ್10 ತೆಗೆಯಿರಿ. 15ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರಬೇಕು. ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಇಟ್ಟುಕೊಳ್ಳೋ ರೂಪದಲ್ಲಿ) ಅಷ್ಟು ಸಣ್ಣ ವ್ಯತ್ಯಾಸ ನಿಲ್ಲೋದಿಲ್ಲ, ಸರಿಯಾಗಿ 15.0 ಅಂತಲೇ ಬರುತ್ತದೆ. ಅದಕ್ಕೆ 1 ಕೂಡಿಸಿದರೆ 16. ಹದಿನೈದು ಅಂಕಿಯ ಸಂಖ್ಯೆಗೆ ಹದಿನಾರು ಅನ್ನೋ ಉತ್ತರ!

ಒಳಗೆ ಹೇಗೆ ಎಣಿಸುತ್ತೀರಿ ಅನ್ನೋದು ಅದಕ್ಕೆ ಬೇಡ. ಯಾವಾಗ ಕರೆಯಬೇಕು, ಯಾವಾಗ ಕರೆಯಬಾರದು, ಅದನ್ನು ಬರೆಯಿರಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ಒಂದೇ ಒಂದು ಪೂರ್ಣಾಂಕದಲ್ಲಿ ಒಟ್ಟು ಎಷ್ಟು ಅಂಕಿ ಇವೆ ಎಂದು ಹೇಳುತ್ತದೆ. 4500 ಕೊಟ್ಟರೆ 4, 0 ಕೊಟ್ಟರೆ 1, -45 ಕೊಟ್ಟರೆ 2. ಒಂದು ಸಂಖ್ಯೆಯಿಂದ ಇನ್ನೊಂದರವರೆಗೆ ಒಂದು ಅಂಕಿ ಎಷ್ಟು ಸಲ ಬರುತ್ತದೆ ಎಂಬ ಪ್ರಶ್ನೆಗೆ ಇದನ್ನು ಬಳಸಬೇಡಿ."

ಕೊನೆಯ ಸಾಲು ಬಿಡಬೇಡಿ. ಜನಕ್ಕೆ ಬರೆಯುವಾಗ "ಇದು ಮಾಡಲ್ಲ" ಅಂತ ಬರೆಯೋಕೆ ನಮಗೆ ಒಂಥರಾ ಸಂಕೋಚ. ಇಲ್ಲಿ ಮಾತ್ರ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಆಮೇಲೆ, ಇನ್‌ಪುಟ್ ಯಾವ ಟೈಪ್? ನಂಬರ್ ಅಂತ ಇದ್ದರೆ ಇವತ್ತೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ. ನಡುವೆ ಎಲ್ಲಾದರೂ ಜಾವಾಸ್ಕ್ರಿಪ್ಟ್ ಇದ್ದರೆ 9007199254740991 ದಾಟಿದ ಮೇಲೆ ಸಂಖ್ಯೆಯ ಮೇಲೆ ಭರವಸೆ ಇಡೋ ಹಾಗಿಲ್ಲ. 12345678901234567890 ಕೊಟ್ಟರೆ ಅದು 12345678901234567000 ಅಂತ ತೋರಿಸುತ್ತದೆ. ಒಟ್ಟು ಅಂಕಿ ಆಗಲೂ 20, ಹಾಗಾಗಿ ನಿಮ್ಮ ಟೆಸ್ಟ್ ಪಾಸ್. ಸೊನ್ನೆ ಎಷ್ಟು ಅಂತ ಕೇಳಿ ನೋಡಿ. ಮೊದಲು 2 ಇತ್ತು, ಈಗ 4. ಹೀಗೆ ಕಣ್ಣಿಗೆ ಬೀಳದೆ ಹಾಳಾಗೋದೇ ನನಗೆ ಭಯ.

ಕೋಡುಬಳೆ

ಮೇಲಿನದ್ದೆಲ್ಲ ಒಪ್ಪಿದೆ. ಒಂದು ವಿಷಯ ಯಾರೂ ಎತ್ತಲಿಲ್ಲ. ಯಾರಾದರೂ ೧೦೦ ಅಂತ ಕನ್ನಡದಲ್ಲೇ ಕೊಟ್ಟರೆ? ಪೈಥಾನ್ ಅದನ್ನು ಅಂಕಿ ಅಂತಲೇ ಒಪ್ಪುತ್ತದೆ, ಇಂಟ್‌ಗೆ (ಪೂರ್ಣಾಂಕ ಮಾಡೋ ಫಂಕ್ಷನ್‌ಗೆ) ಕೊಟ್ಟರೆ 100 ಮಾಡಿಕೊಡುತ್ತದೆ. ಅದೇ ಜಾವಾಸ್ಕ್ರಿಪ್ಟ್‌ನ ರೆಜೆಕ್ಸ್‌ನಲ್ಲಿ (ಪಠ್ಯದ ಮಾದರಿ ಹೇಳೋ ಸಂಕೇತದಲ್ಲಿ) ಅಂಕಿ ಅನ್ನೋದಕ್ಕೆ \d ಹಾಕಿದರೆ ಒಪ್ಪೋದು 0ಯಿಂದ 9 ಮಾತ್ರ. ಸ್ಕೀಮಾದಲ್ಲಿ ಪ್ಯಾಟರ್ನ್ ಹಾಕೋ ಮುಂಚೆ ಯಾವುದು ಬೇಕು ಅಂತ ತೀರ್ಮಾನ ಮಾಡಿ. 1,00,000 ಅಂತ ಕಾಮಾ ಹಾಕಿ ಕೊಡೋರೂ ಇದ್ದಾರೆ, ನಾವೇ ಅಲ್ವಾ!

ಎರರ್ ಮೆಸೇಜನ್ನೂ ವಿವರಣೆ ಅಂತಲೇ ಲೆಕ್ಕ ಹಾಕಿ, ಏಜೆಂಟ್ ಅದನ್ನೂ ಓದುತ್ತದೆ. ಪೈಥಾನ್ 3.11ರಲ್ಲಿ 4300 ಅಂಕಿಗಿಂತ ಉದ್ದದ ಸ್ಟ್ರಿಂಗ್ ಅನ್ನು ಇಂಟ್ ಮಾಡಲು ಹೋದರೆ ವ್ಯಾಲ್ಯೂ ಎರರ್. ಮಿತಿ ಏರಿಸೋಕೆ ಯಾವ ಫಂಕ್ಷನ್ ಅಂತಲೂ ಆ ಮೆಸೇಜೇ ಹೇಳಿಕೊಡುತ್ತದೆ. ಅದನ್ನು ಹಾಗೇ ದಾಟಿಸಿದರೆ ಏಜೆಂಟ್ ಪೈಥಾನ್ ಸೆಟ್ಟಿಂಗ್ ಕೆದಕಲು ಕೂರಬಹುದು. "ಕಾಮಾ ತೆಗೆದು, ಅಂಕಿ ಮಾತ್ರ ಇರುವ ಸ್ಟ್ರಿಂಗ್ ಕೊಡಿ" ಅನ್ನೋ ಥರ, ಮುಂದೇನು ಮಾಡಬೇಕು ಅಂತ ಹೇಳೋ ಮೆಸೇಜ್ ನೀವೇ ಬರೆಯಿರಿ.

ಕೆಂಪುಇಂಕು

ಇಬ್ಬರಿಗೂ ಥ್ಯಾಂಕ್ಸ್. ಇನ್‌ಪುಟ್ ಸ್ಟ್ರಿಂಗೇ ಇದೆ, ಒಳಗೆ ಇಂಟ್ ಮಾಡೋದೂ ಇಲ್ಲ, ಹಾಗಾಗಿ 4300ರ ತಂಟೆ ಇಲ್ಲ. ಕನ್ನಡ ಅಂಕಿ ಒಪ್ಪುತ್ತೇನೆ, ಹಾಗಂತ ಡಿಸ್ಕ್ರಿಪ್ಶನ್‌ನಲ್ಲೂ ಒಂದು ಸಾಲು ಸೇರಿಸಿದೆ. ಕಾಮಾಗೆ ಎರರ್.

ಎಷ್ಟು ಸಲ ಬರುತ್ತದೆ ಅನ್ನೋದಕ್ಕೆ ಬೇರೆಯದೇ ಟೂಲ್ ಮಾಡಿ, ಒಂದರ ಡಿಸ್ಕ್ರಿಪ್ಶನ್‌ನಲ್ಲಿ ಇನ್ನೊಂದರ ಹೆಸರು ಹಾಕಿದ್ದೇನೆ. ಅದೇ ಪ್ರಶ್ನೆ ಮತ್ತೆ ಕೇಳಿದೆ, ಈ ಸಲ ಹೊಸ ಟೂಲ್ ಕರೆದು 21 ಅಂತ ತಂದಿತು. ಎರಡನೆಯದಕ್ಕೆ "ಅಂಕಿ" ಮತ್ತು "ಕೊನೆಯ ಸಂಖ್ಯೆ" ಅಂತ ಎರಡೇ ಇನ್‌ಪುಟ್ ಇಟ್ಟಿದ್ದೇನೆ. ಸಾಕಲ್ವಾ?

ರಾತ್ರಿಪಾಳಿ

ಶುರು ಎಲ್ಲಿಂದ ಅಂತಲೂ ಬರೆದುಬಿಡಿ, ಇಲ್ಲದಿದ್ದರೆ ಸೊನ್ನೆ ಕೇಳಿದಾಗ ಸಿಕ್ಕಿಬೀಳುತ್ತೀರಿ. 100ರವರೆಗೆ ಸೊನ್ನೆ ಎಷ್ಟು ಸಲ ಅಂದರೆ 1ರಿಂದ ಶುರು ಮಾಡಿದಾಗ 11, 0ಯಿಂದ ಶುರು ಮಾಡಿದಾಗ 12. ಉದಾಹರಣೆಗೆ ಇದನ್ನೇ ಹಾಕಿ, 21 ಬೇಡ. 1 ಅನ್ನೋ ಅಂಕಿಗೆ ಎರಡು ಕಡೆಯಿಂದಲೂ 21ಏ ಬರುತ್ತದೆ, ಅದರಿಂದ ಏನೂ ಗೊತ್ತಾಗಲ್ಲ.