ಅಪ್‌ಡೇಟ್: ಒಬಾಮ ಸೋತ ಪ್ರೈಮರಿ ಮತ್ತು ಭಾವನ ಜತೆಗಿನ ಪಂದ್ಯ

ಹೋದ ವಾರ ಕೇಳಿದ್ದೆನಲ್ಲ, 2000ದಲ್ಲಿ ಸೋತ ಒಬಾಮ ಆಮೇಲೂ ಸೆನೆಟರ್ ಆಗಿ ಉಳಿದದ್ದು ಹೇಗೆ ಅಂತ? ಇದೇ ವಿಷಯಕ್ಕೆ ಭಾವನ ಜತೆ ಮಸಾಲೆ ದೋಸೆಯ ಪಂದ್ಯವನ್ನೂ ಕಟ್ಟಿದ್ದೆ. ಗಂಟು ಬಿಚ್ಚಿತು. "ಸೆನೆಟ್ ಎರಡಿವೆ, ಯಾವುದು ಅಂತ ಮೊದಲು ನೋಡಿ" ಅಂದವರಿಗೆ ಥ್ಯಾಂಕ್ಸ್. ಅವರು ಆಗ ಇದ್ದದ್ದು ಇಲಿನಾಯ್ ರಾಜ್ಯದ ಸೆನೆಟ್‌ನಲ್ಲಿ (ರಾಜ್ಯ ಶಾಸಕಾಂಗದ ಮೇಲ್ಮನೆ), ಅವಧಿ ಇನ್ನೂ ಬಾಕಿ ಇತ್ತು. ಸೋತದ್ದು ಅಮೆರಿಕದ ಕಾಂಗ್ರೆಸ್‌ನ (ಅಲ್ಲಿನ ಸಂಸತ್ತು) ಕೆಳಮನೆಯ ಶಿಕಾಗೋ ಸೀಟಿನ ಡೆಮಾಕ್ರಟಿಕ್ ಪ್ರೈಮರಿ, ಅಂದ್ರೆ ಪಕ್ಷದ ಅಭ್ಯರ್ಥಿ ಯಾರು ಅಂತ ಜನರೇ ಓಟು ಹಾಕಿ ಆರಿಸೋ ಚುನಾವಣೆ; ಎದುರಿಗಿದ್ದದ್ದು ಆ ಸೀಟಿನ ಆಗಿನ ಸದಸ್ಯ ಬಾಬಿ ರಷ್. ರಷ್‌ಗೆ ಸುಮಾರು ಶೇ. 61, ಇವರಿಗೆ ಶೇ. 30. ಮಣ್ಣು ಮುಕ್ಕಿದ್ರು ಅನ್ನಿ! "ರಾಜೀನಾಮೆ ಕೊಟ್ಟು ನಿಂತಿದ್ರು" ಅನ್ನೋ ಉತ್ತರ ತಪ್ಪು. 2004ರ ಫಲಿತಾಂಶ ನೋಡಿ ಅಂದದ್ದೂ ಉಪಯೋಗಕ್ಕೆ ಬರಲಿಲ್ಲ, ಅದು ರಾಜ್ಯದ್ದಲ್ಲ, ಅಮೆರಿಕದ ಸೆನೆಟ್‌ನ ಚುನಾವಣೆ.

ಗೊತ್ತೇ ಇರದಿದ್ದ ಸಂಗತಿ ಒಂದಿದೆ. 1999ರ ಕೊನೆಗೆ ರಜೆಗೆ ಹವಾಯಿಗೆ ಹೋದಾಗ ಪುಟ್ಟ ಮಗಳು ಮಲಿಯಾಗೆ ಹುಷಾರು ತಪ್ಪಿ, ರಾಜ್ಯದ ಸೆನೆಟ್‌ನಲ್ಲಿ ಬಂದೂಕು ನಿಯಂತ್ರಣ ಮಸೂದೆಯ ಮತದಾನಕ್ಕೆ ಒಬಾಮ ಬರಲೇ ಇಲ್ಲ. ಅದೂ ರಷ್ ಅವರ ಮಗ ಗುಂಡೇಟಿಗೆ ಬಲಿಯಾದ ಎರಡೇ ತಿಂಗಳಿಗೆ. ಪ್ರಚಾರ ಅಲ್ಲೇ ಅರ್ಧ ಮುಗಿದಿತ್ತು ಅನ್ಸುತ್ತೆ.

ಭಾವ ಮಾತ್ರ "ಟಿಕೆಟ್‌ ಕೊಡೋಕೆ ಹೈಕಮಾಂಡ್ ಇಲ್ವಾ, ಅದಕ್ಕೂ ಜನ ಓಟು ಹಾಕ್ಬೇಕಾ?" ಅಂತ ಇನ್ನೂ ಗೊಣಗ್ತಿದ್ದಾರೆ. ಸೋತ ಪಂದ್ಯದ ಮಸಾಲೆ ದೋಸೆ ಕೊಡಿಸಿದ್ರು, ಕಾಫಿ ದುಡ್ಡು ನನ್ನದೇ.