ಹತ್ತು ದಿನ, ಹತ್ತು ಧರ್ಮ: ಮಕ್ಕಳಿಗೆ ಹೇಗೆ ಹೇಳೋದು?

ಎಲ್ಲರಿಗೂ ಜೈ ಜಿನೇಂದ್ರ. ನಮ್ಮ ದಿಗಂಬರ ಜೈನರ ದಶಲಕ್ಷಣ ಪರ್ವ, ಅಂದ್ರೆ ದಿನಕ್ಕೊಂದು ಧರ್ಮವನ್ನು ನೆನೆಯೋ ಹತ್ತು ದಿನದ ಹಬ್ಬ, ಏನು ಅಂತ ಮಕ್ಕಳಿಗೆ ಹೇಳೋಕೆ ಹೋದ್ರೆ "ಉಪವಾಸದ ಹಬ್ಬ" ಅನ್ನೋದರಲ್ಲೇ ಮಾತು ಮುಗಿದುಹೋಗುತ್ತೆ ಅಂತ ಇಲ್ಲೊಬ್ಬ ಅಕ್ಕ ಬರೆದಿದ್ದರು. ಲಂಡನ್ನಿಗೆ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಆಲೂಗಡ್ಡೆ ಬೇಡ, ಈರುಳ್ಳಿ ಬೇಡ, ಸೂರ್ಯ ಮುಳುಗಿದ ಮೇಲೆ ಊಟ ಬೇಡ. ಮಗನ ಕಿವಿಗೆ ಬಿದ್ದದ್ದೆಲ್ಲ ಬೇಡಗಳೇ.

ಊರಲ್ಲಾಗಿದ್ರೆ ಹೇಳಿಕೊಡಬೇಕಾಗಿರಲಿಲ್ಲ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿವರೆಗೆ ಬಸದಿಯಲ್ಲಿ ಅಭಿಷೇಕ, ಪೂಜೆ, ಜೈನ ತತ್ತ್ವದ ಗ್ರಂಥ ತತ್ತ್ವಾರ್ಥ ಸೂತ್ರದ ಹತ್ತು ಅಧ್ಯಾಯಗಳಲ್ಲಿ ದಿನಕ್ಕೊಂದು. ಅಜ್ಜಿ ಪಕ್ಕ ಕೂತಿದ್ರೆ ಸಾಕಿತ್ತು. ಇಲ್ಲಿ ನಾವು ಹೋಗೋ ಕಡೆ ಹೆಚ್ಚಿನವರು ಗುಜರಾತಿ ಶ್ವೇತಾಂಬರರು, ಜೈನರದೇ ಇನ್ನೊಂದು ಪಂಥದವರು. ಅವರ ಎಂಟು ದಿನದ ಹಬ್ಬ ಪರ್ಯುಷಣ ಮುಗಿಯೋ ಹೊತ್ತಿಗೆ ನಮ್ಮ ಹತ್ತು ದಿನ ಶುರು. "ಅವರದು ಮುಗೀತಲ್ಲಮ್ಮ, ನಮ್ಮದು ಯಾಕಿನ್ನೂ?" ಅಂತ ಕೇಳ್ತಾನೆ ಮಗ.

ನನಗೆ ದಾರಿ ಸಿಕ್ಕಿದ್ದು ಮೊದಲ ನಾಲ್ಕು ದಿನಗಳಲ್ಲಿ. ಎಣ್ಣೆ ಹಚ್ಚಿದ ಮೈಗೆ ಧೂಳು ಮೆತ್ತಿಕೊಳ್ಳೋ ಹಾಗೆ ಕಷಾಯಗಳಿಂದ, ಅಂದ್ರೆ ಮನಸ್ಸಿನ ಕೆಟ್ಟ ಭಾವಗಳಿಂದ, ಆತ್ಮಕ್ಕೆ ಕರ್ಮ ಅಂಟುತ್ತೆ. ಕ್ರೋಧ, ಮಾನ, ಮಾಯೆ, ಲೋಭ. ಒಂದೊಂದಕ್ಕೂ ಒಂದೊಂದು ದಿನ ಇದೆ ನೋಡಿ: ಕ್ರೋಧಕ್ಕೆ ಉತ್ತಮ ಕ್ಷಮೆ, ಮಾನಕ್ಕೆ ಮಾರ್ದವ (ವಿನಯ), ಮಾಯೆಗೆ ಆರ್ಜವ (ನೇರ ನಡೆ), ಲೋಭಕ್ಕೆ ಶೌಚ. ಮಾನ ಅಂದ್ರೆ ಇಲ್ಲಿ ಅಹಂಕಾರ, ಮಾಯೆ ಅಂದ್ರೆ ಕಪಟ. ಶೌಚ ಅಂದ್ರೆ ಸ್ನಾನ ಅಲ್ಲ, ಆಸೆಬುರುಕತನ ತೊಳ್ಕೊಳ್ಳೋದು. ಎಂಟು ವರ್ಷದ ಹುಡುಗನಿಗೆ ಇದು ಚೆನ್ನಾಗೇ ಅರ್ಥವಾಗುತ್ತೆ, ನಾಲ್ಕನ್ನೂ ಅವನು ಶಾಲೆಯಲ್ಲಿ ದಿನಾ ನೋಡ್ತಾನೆ. ಉಳಿದ ಆರು, ಅಂದ್ರೆ ಸತ್ಯ, ಸಂಯಮ, ತಪ, ತ್ಯಾಗ, ಆಕಿಂಚನ್ಯ (ನನ್ನದು ಅನ್ನೋದನ್ನ ಬಿಡೋದು), ಬ್ರಹ್ಮಚರ್ಯ, ವಯಸ್ಸಿಗೆ ತಕ್ಕಂತೆ ಬರಲಿ, ಅವಸರ ಬೇಡ.

ಊಟದ ನಿಯಮಕ್ಕೂ ಕಾರಣ ಹೇಳಿ. ಒಂದು ಗೆಡ್ಡೆಯಲ್ಲಿ ಅನಂತ ಜೀವಗಳು ಒಂದೇ ಶರೀರ ಹಂಚಿಕೊಂಡಿರುತ್ತವೆ ಅನ್ನೋದು ನಮ್ಮ ನಂಬಿಕೆ. ಅದನ್ನು ಹೇಳಿದ ದಿನ ಮಗ ಬುಟ್ಟಿಯಿಂದ ಒಂದು ಆಲೂಗಡ್ಡೆ ತೆಗೆದು, ಮೊಳಕೆ ಬಂದ ಕಣ್ಣುಗಳನ್ನು ಬೆರಳಲ್ಲಿ ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಆ ಹತ್ತು ದಿನ ಚಿಪ್ಸ್ ಕೇಳಲಿಲ್ಲ.

ಹಬ್ಬದ ಕೊನೆಗೆ ಒಬ್ಬರಿಗೊಬ್ಬರು ಕ್ಷಮೆ ಕೇಳೋ ಕ್ಷಮಾವಣಿಯನ್ನಂತೂ ಬಿಡಲೇಬೇಡಿ. ನಮ್ಮಲ್ಲಿ ತಪ್ಪು ಮನ್ನಿಸೋಕೆ ಮೇಲೊಬ್ಬ ಸೃಷ್ಟಿಕರ್ತ ದೇವರು ಇಲ್ಲ, ನೋಯಿಸಿದವರ ಮುಂದೇ ನಿಲ್ಲಬೇಕು. ಹಾಗಾಗಿ ದೊಡ್ಡವರು ಮೊದಲು ಕೇಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹೋದ ವರ್ಷ ಮಗನ ಎದುರು ಕೂತು, "ಮೊನ್ನೆ ಶೂ ಸಿಗಲಿಲ್ಲ ಅಂತ ನಿನ್ನ ಮೇಲೆ ಕಿರುಚಿದೆನಲ್ಲ ಪುಟ್ಟ, ಕ್ಷಮಿಸು" ಅಂದೆ. ಅವನು ಸುಮಾರು ಹೊತ್ತು ಕಾಲ್ಬೆರಳು ನೋಡ್ಕೊಂಡು ಕೂತ. ಆಮೇಲೆ ಸೋಫಾ ಹಿಂದೆ ಕೈ ಹಾಕಿ, ಮುರಿದುಹೋಗಿದ್ದ ನನ್ನ ಚಾರ್ಜರ್ ತೆಗೆದು ಮಡಿಲಲ್ಲಿಟ್ಟ.